ಹಳೇ ಇಂಪಲ್ಸಿನ ಕುತ್ತಿಗೆ

ಹ್ಯಾಂಡಲ್ ಬಲಕ್ಕೆ ತಿರುಗಿಸಿದರೆ ಏನೂ ಇಲ್ಲ. ಎಡಕ್ಕೆ ಪೂರ್ತಿ ತಿರುಗಿಸಿದರೆ ಎಂಜಿನ್ ಬಂದ್. ಶಿವಮೊಗ್ಗದ ವಿನೋಬನಗರದಲ್ಲಿ ಒಂದು ಮನೆಯ ಗೇಟಿನ ಮುಂದೆ, ಮಾರಾಟಕ್ಕಿಟ್ಟ ಹಳೇ ಹೀರೊ ಇಂಪಲ್ಸ್ ಬೈಕ್ ಹಿಡಿದು ನಿಂತು ಇದನ್ನು ಮೂರು ಸಲ ಮಾಡಿ ನೋಡಿದೆ. ಮೂರು ಸಲವೂ ಹಾಗೇ. ಮಾರುವ ಹುಡುಗನ ಮುಖ ಸಣ್ಣದಾಯಿತು. "ಕಾರ್ಬೊರೇಟರ್ ಪ್ರಾಬ್ಲಂ ಅಂತಾರೆ ಸಾರ್, ನಾಲ್ಕು ಜನಕ್ಕೆ ತೋರಿಸಿದೆ" ಅಂದ.

ಕಾರ್ಬೊರೇಟರಿನ ಕೆಲಸ ಪೆಟ್ರೋಲು ಗಾಳಿ ಬೆರೆಸಿ ಎಂಜಿನ್ನಿಗೆ ಕೊಡುವುದು, ಅದಕ್ಕೆ ಎಡ ಬಲ ಗೊತ್ತಿರುವುದಿಲ್ಲ. ಆದರೆ ಅದನ್ನು ಅವನಿಗೆ ಹೇಳುವಷ್ಟು ಒಳ್ಳೆಯವನು ನಾನಲ್ಲ. ವ್ಯಾಪಾರ ಮುಗಿಯುವವರೆಗಂತೂ ಅಲ್ಲ.

ನನ್ನ ಕೆಲಸ ಮೋಟರ್ ವೈಂಡಿಂಗ್. ತೀರ್ಥಹಳ್ಳಿ ತಾಲ್ಲೂಕಿನ ಕೋಣಂದೂರು ಕಡೆ ಸಣ್ಣ ಅಂಗಡಿ ಇದೆ. ಅಡಿಕೆ ತೋಟದ ಪಂಪ್‌ಸೆಟ್ ಸುಟ್ಟರೆ ಫೋನ್ ಬರುತ್ತದೆ. ಫೋನ್ ಮಾಡುವವರ ಮನೆಗಳು ಟಾರು ರಸ್ತೆಯ ಪಕ್ಕ ಇರುವುದು ಕಡಿಮೆ. ಎರಡು ಕಿಲೋಮೀಟರ್, ಮೂರು ಕಿಲೋಮೀಟರ್ ಒಳಗೆ. ಬೇಸಿಗೆಯಲ್ಲಿ ಮೊಣಕಾಲುದ್ದ ಧೂಳು, ಮಳೆಗಾಲದಲ್ಲಿ ಜೀಪಿನ ಚಕ್ರಕ್ಕೂ ಸರಪಳಿ ಕಟ್ಟುವಂಥ ಕೆಸರು. ಹದಿನಾಲ್ಕು ವರ್ಷ ನೂರು ಸಿಸಿ ಗಾಡಿಯಲ್ಲೇ ಓಡಾಡಿದೆ. ಕೊನೆಕೊನೆಗೆ ಸೊಂಟ ಮಾತಾಡಲು ಶುರು ಮಾಡಿತು. ಮಣ್ಣು ರಸ್ತೆಗೂ ಆಗುವ ಹೀರೊ ಕಂಪನಿಯ ಹೊಸ ಎಕ್ಸ್‌ಪಲ್ಸ್ ಬೈಕ್ ನೋಡಿದೆ, ಆಸೆಯಾಯಿತು. ಆನ್ ರೋಡ್ ಒಂದೂವರೆ ಲಕ್ಷ ದಾಟುತ್ತದೆ ಅಂದಾಗ ಆಸೆ ಅಲ್ಲೇ ಇಳಿಯಿತು. ಹಾಗಾಗಿ ಅದರ ಅಣ್ಣ ಅನ್ನಬಹುದಾದ ಹೀರೊ ಇಂಪಲ್ಸ್ ಹುಡುಕಲು ಹೊರಟೆ.

ಗೊತ್ತಿಲ್ಲದವರಿಗೆ ಎರಡು ಮಾತು. ಹೀರೊ ಮತ್ತು ಹೋಂಡಾ ಬೇರೆಯಾದ ಹೊಸತರಲ್ಲಿ, 2011ರಲ್ಲಿ ಬಂದ ಗಾಡಿ ಇದು. ಬ್ರೆಜಿಲ್‌ನಲ್ಲಿ ಹೋಂಡಾ ಮಾರುತ್ತಿದ್ದ ಎನ್‌ಎಕ್ಸ್‌ಆರ್ 150 ಬ್ರೋಸ್ ಅನ್ನುವ ಗಾಡಿಯ ಹೋಲಿಕೆ. 149.2 ಸಿಸಿ, ಗಾಳಿಯಲ್ಲೇ ತಣ್ಣಗಾಗುವ ಎಂಜಿನ್, ಐದು ಗೇರ್, ಕಾರ್ಬೊರೇಟರ್. ಮುಂದೆ 19 ಇಂಚಿನ ಚಕ್ರ, ಹಿಂದೆ 17, ಎರಡೂ ಕಡ್ಡಿ ಚಕ್ರ. ಮುಂದೆ ಡಿಸ್ಕ್, ಹಿಂದೆ ಡ್ರಮ್. ಮುಂದಿನ ಚಕ್ರ ಹಿಡಿಯುವ ಉದ್ದನೆಯ ಫೋರ್ಕ್, ಹಿಂದೆ ಒಂದೇ ಶಾಕ್ ಅಬ್ಸಾರ್ಬರ್. ತೂಕ 134 ಕಿಲೋ. ನಮ್ಮ ರಸ್ತೆಗೆ ಹೇಳಿ ಮಾಡಿಸಿದ ಹಾಗಿತ್ತು. ಆದರೆ ಆಗ ಜನಕ್ಕೆ ಬೇಕಾದದ್ದು ಉರುಟು ಟ್ಯಾಂಕಿನ, ದಪ್ಪ ಹಿಂಗಾಲಿನ ಗಾಡಿ. 2017ರ ಹೊತ್ತಿಗೆ ಇದು ನಿಂತೇ ಹೋಯಿತು. ನಿಂತ ಮೇಲೆ ಎಲ್ಲರಿಗೂ ಬೇಕಾಯಿತು. ಯಾವಾಗಲೂ ಹೀಗೇ ಅಲ್ವಾ?

ನನಗೆ ಸಿಕ್ಕಿದ್ದು 2012ರ ಗಾಡಿ, ಕೆಎ-14. ಮೀಟರಿನಲ್ಲಿ 41 ಸಾವಿರ ಚಿಲ್ಲರೆ ಕಿಲೋಮೀಟರ್. ಆದರೆ ಮೀಟರಿನ ಕೇಬಲ್ ಯಾವಾಗ ತುಂಡಾಯಿತು ಅಂತ ಹುಡುಗನಿಗೂ ಗೊತ್ತಿಲ್ಲ, ಹಾಗಾಗಿ ಆ ನಂಬರನ್ನು ನಾನು ಲೆಕ್ಕಕ್ಕೇ ತಗೊಳ್ಳಲಿಲ್ಲ. ಹಿಂದಿನ ಮಡ್‌ಗಾರ್ಡ್ ಅರ್ಧ ಕತ್ತರಿಸಿದ್ದ. ಸೈಲೆನ್ಸರ್ ಕೊರೆದಿದ್ದ. ಮುಂದೆ ಎಲ್‌ಇಡಿ ಬಾರ್ ಲೈಟು, ಪಕ್ಕದಲ್ಲಿ ಇಂಗ್ಲಿಷಿನಲ್ಲಿ ಪರ್ವತ ಅದು ಇದು ಅಂತ ಸ್ಟಿಕರು. ಎಲ್ಲಾ ಸೇರಿ 55 ಸಾವಿರ ಹೇಳಿದ.

ಇಲ್ಲಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಯಾಕೆಂದರೆ ಹಳೇ ಗಾಡಿ ತಗೊಳ್ಳುವವರು ಎಲ್ಲರೂ ಮೊದಲು ಎಂಜಿನ್ ನೋಡುತ್ತಾರೆ. ಕಿವಿ ಇಟ್ಟು ಕೇಳುತ್ತಾರೆ, ರೇಸ್ ಮಾಡುತ್ತಾರೆ, ಹೊಗೆ ನೋಡುತ್ತಾರೆ. ನೋಡಬಾರದು ಅಂತಲ್ಲ. ನಾನೂ ನೋಡಿದೆ. ಹೋದ ಕೂಡಲೇ ಎಂಜಿನ್ನಿಗೆ ಕೈ ಇಟ್ಟೆ, ತಣ್ಣಗಿತ್ತು. ಬೆಚ್ಚಗಿದ್ದರೆ ನಾವು ಬರುವ ಮುಂಚೆ ಸ್ಟಾರ್ಟ್ ಮಾಡಿಟ್ಟಿದ್ದಾರೆ ಅಂತ ಅರ್ಥ, ಬೆಳಗಿನ ಸ್ಟಾರ್ಟಿಂಗ್ ತೊಂದರೆ ಮುಚ್ಚಿಡಲು. ಚೋಕ್ ಎಳೆದು ಒದ್ದೆ. ಮೂರನೇ ಕಿಕ್ಕಿಗೆ ಹಿಡಿಯಿತು. ನೀಲಿ ಹೊಗೆ ಇಲ್ಲ. ನೀಲಿ ಬಂದರೆ ಆಯಿಲ್ ಸುಡುತ್ತಿದೆ ಅಂತ. ಅಷ್ಟು ಸಾಕು. ಎಂಜಿನ್ ಹೋದರೂ ಅದಕ್ಕೊಂದು ದಾರಿ ಇದೆ. ಸಿಬಿಜೆಡ್ ಎಕ್ಸ್‌ಟ್ರೀಮ್, ಹಂಕ್ ಗಾಡಿಗಳಲ್ಲಿ ಬರುತ್ತಿದ್ದ 149.2 ಸಿಸಿ ಎಂಜಿನ್ನಿನ ಮನೆತನವೇ ಇದು. ಮೆಕ್ಯಾನಿಕ್‌ಗಳ ಕೈಗೆ ಪಳಗಿದ ಎಂಜಿನ್.

ನಾನು ಜಾಸ್ತಿ ಹೊತ್ತು ಕಳೆದದ್ದು ಗಾಡಿಯ ಕುತ್ತಿಗೆ ಹತ್ತಿರ. ಹ್ಯಾಂಡಲ್ ಕೂರುವ ಆ ಜಾಗ. ಅಲ್ಲಿ ಮೂರು ವಿಷಯ ಒಟ್ಟಿಗೆ ಇರುತ್ತವೆ.

ಒಂದು ಚಾಸಿ ನಂಬರು. ಕುತ್ತಿಗೆ ಕಬ್ಬಿಣದ ಮೇಲೇ ಹೊಡೆದಿರುತ್ತಾರೆ. ಮಣ್ಣು ಒರೆಸಿ, ಮೊಬೈಲ್ ಟಾರ್ಚ್ ಹಿಡಿದು, ಆರ್‌ಸಿ ಜೊತೆ ಒಂದೊಂದೇ ಅಕ್ಷರ ಓದಿದೆ. ಉಜ್ಜಿದ ಗುರುತು ಇದ್ದರೆ ಅಲ್ಲಿಂದಲೇ ವಾಪಸ್ ಬಸ್ ಹತ್ತಬೇಕು. ಇಲ್ಲಿ ಸರಿಯಾಗಿತ್ತು.

ಎರಡನೆಯದು ಕೋನ್‌ಸೆಟ್, ಅಂದರೆ ಹ್ಯಾಂಡಲ್ ತಿರುಗುವ ಬಾಲ್ ಬೇರಿಂಗ್. ಎಂಜಿನ್ ಕೆಳಗೆ ಎರಡು ಇಟ್ಟಿಗೆ ಕೊಟ್ಟು ಮುಂದಿನ ಚಕ್ರ ನೆಲ ಬಿಡುವ ಹಾಗೆ ಮಾಡಿಸಿದೆ. ಹುಡುಗನಿಗೆ ಇದು ವಿಚಿತ್ರ ಅನಿಸಿತು, ಆದರೂ ಇಟ್ಟಿಗೆ ತಂದ. ಒಂದೇ ಬೆರಳಿನಲ್ಲಿ ಹ್ಯಾಂಡಲ್ ನಿಧಾನವಾಗಿ ತಿರುಗಿಸಿದರೆ ನೆಟ್ಟಗಿರುವ ಜಾಗದಲ್ಲಿ ಟಕ್ ಅಂತ ಕೂರುತ್ತಿತ್ತು. ಅಂದರೆ ಬಾಲ್‌ಗಳು ಬಟ್ಟಲಿನಲ್ಲಿ ಗುಳಿ ಮಾಡಿಕೊಂಡಿವೆ. ಹಾರಿಸಿ ಹಾರಿಸಿ ಆದದ್ದು. ಇದು ಬದಲಾಯಿಸಬಹುದಾದ ವಸ್ತು, ಹೆದರಬೇಕಿಲ್ಲ. ಹೆದರಬೇಕಾದದ್ದು ಕುತ್ತಿಗೆಯಿಂದ ಕೆಳಗೆ ಇಳಿಯುವ ಪೈಪ್ ಸೊಟ್ಟಗಿದ್ದರೆ, ಬೆಸುಗೆ ಹತ್ತಿರ ಪೇಂಟ್ ಎದ್ದು ಬಿರುಕು ಕಂಡರೆ, ಹ್ಯಾಂಡಲ್ ತಡೆಯುವ ಆ ಸಣ್ಣ ಗುಬಟು ಮುರಿದಿದ್ದರೆ. ಅದು ಮುರಿದಿದ್ದರೆ ಗಾಡಿ ಯಾವಾಗಲೋ ಮುಖ ಅಡಿಯಾಗಿ ಬಿದ್ದಿದೆ. ಹಿಂದೆ ಹತ್ತು ಹೆಜ್ಜೆ ಹೋಗಿ ಕೂತು ನೋಡಿದೆ. ಎರಡೂ ಚಕ್ರ ಒಂದೇ ಗೆರೆಯಲ್ಲಿ ಇದ್ದವು. ಫ್ರೇಮ್ ನೆಟ್ಟಗಿದೆ ಅಂತ ಸಮಾಧಾನ ಆಯಿತು.

ಮೂರನೆಯದು ವೈರು. ಇಡೀ ಗಾಡಿಯ ವೈರಿನ ಕಟ್ಟು ಕುತ್ತಿಗೆಯ ಪಕ್ಕದಲ್ಲೇ ಹಾದು ಹ್ಯಾಂಡಲ್‌ಗೆ ಹೋಗುತ್ತದೆ. ಹ್ಯಾಂಡಲ್ ತಿರುಗಿದ ಹಾಗೆಲ್ಲ ಅದೂ ಬಗ್ಗುತ್ತದೆ. ಹದಿಮೂರು ವರ್ಷ ಬಗ್ಗಿದ ವೈರು. ಎಡಕ್ಕೆ ತಿರುಗಿಸಿದಾಗ ಎಂಜಿನ್ ಯಾಕೆ ನಿಲ್ಲುತ್ತದೆ ಅಂತ ಈಗ ನಿಮಗೂ ಗೊತ್ತಾಯಿತು.

ವ್ಯಾಪಾರ 41 ಸಾವಿರಕ್ಕೆ ಮುಗಿಯಿತು.

ಕಾಗದದ ಕೆಲಸ ಬೇಗ ಹೇಳಿ ಮುಗಿಸುತ್ತೇನೆ. ಗಾಡಿ ನನ್ನ ಹೆಸರಿಗೆ ಮಾಡಿಸಲು ಫಾರಂ 29, ಫಾರಂ 30, ಇನ್ಶೂರೆನ್ಸ್, ಎಮಿಷನ್ ಸರ್ಟಿಫಿಕೇಟ್. ಆರ್‌ಸಿಯಲ್ಲಿ ಸಾಲದ ಹೆಸರು ಹಾಗೇ ಉಳಿದಿತ್ತು. ಸಾಲ ತೀರಿ ವರ್ಷಗಳಾಗಿದ್ದರೂ ತೆಗೆಸಿರಲಿಲ್ಲ. ಅದಕ್ಕೆ ಸಾಲ ಕೊಟ್ಟವರ ಎನ್‌ಒಸಿ, ಅಂದರೆ ನಮ್ಮದೇನೂ ತಕರಾರಿಲ್ಲ ಅನ್ನುವ ಪತ್ರ, ಮತ್ತು ಫಾರಂ 35 ಬೇಕು. ಹುಡುಗನನ್ನೇ ಓಡಿಸಿದೆ. ಆರು ವಾರ ಹಿಡಿಯಿತು. ಆ ಆರು ವಾರ 5 ಸಾವಿರ ರೂಪಾಯಿ ನನ್ನ ಹತ್ತಿರವೇ ಇಟ್ಟುಕೊಂಡಿದ್ದೆ. ಇದನ್ನು ಮಾತ್ರ ಮರೆಯಬೇಡಿ. ಪೂರ್ತಿ ದುಡ್ಡು ಕೊಟ್ಟ ಮೇಲೆ ಯಾರೂ ಫೋನ್ ಎತ್ತುವುದಿಲ್ಲ.

ಮನೆಗೆ ಓಡಿಸಿಕೊಂಡೇ ಬಂದೆ. ಗಾಜನೂರು, ಸಕ್ರೆಬೈಲು, ಮಂಡಗದ್ದೆ. ತುಂಗೆಯ ಪಕ್ಕದ ಆ ರಸ್ತೆಯಲ್ಲಿ ಎಡ ತಿರುವು ಬಂದಾಗಲೆಲ್ಲ ದೇವರನ್ನು ನೆನೆದೆ. ಓಡುವಾಗ ಹ್ಯಾಂಡಲ್ ಅಷ್ಟು ತಿರುಗುವುದಿಲ್ಲ ಅಂತ ಗೊತ್ತು. ಆದರೂ ಎದೆ ಕೇಳಬೇಕಲ್ಲ. ಮನೆಯ ದಣಪೆ ಹತ್ತಿರ ಎಡಕ್ಕೆ ತಿರುಗಿಸುವಾಗ ನಿಂತಿತು. ಅಲ್ಲಿಂದ ತಳ್ಳಿಕೊಂಡು ಹೋದೆ.

ಹೆಂಡತಿ ಅಂಗಳಕ್ಕೆ ಬಂದು ಒಂದು ಸುತ್ತು ನೋಡಿದಳು. "ಇದೆಂಥ ಮಾರಾಯ್ರೆ, ಹತ್ತೋಕೆ ಏಣಿನೂ ಕೊಟ್ಟಿದ್ದಾರಾ?"

ಸೀಟಿನ ಎತ್ತರ 836 ಮಿಲಿಮೀಟರ್. ನನ್ನ ಎತ್ತರ ಐದು ಅಡಿ ನಾಲ್ಕಿಂಚು. ಎರಡೂ ಕಾಲು ನೆಲಕ್ಕೆ ಊರಬೇಕು ಅಂದರೆ ಬೆರಳ ತುದಿಯಲ್ಲಿ ನಿಲ್ಲಬೇಕು. ಒಂದು ಕಾಲು ಊರಿ ಒಂದು ಪೃಷ್ಠ ಇಳಿಸಿ ಕೂರುವುದನ್ನು ಕಲಿಯಲು ಒಂದು ವಾರ ಬೇಕಾಯಿತು. ಗಿಡ್ಡ ಇರುವವರು ತಗೊಳ್ಳುವ ಮುಂಚೆ ಇದನ್ನು ಕೂತು ನೋಡಿ.

ಮೊದಲು ವೈರನ್ನೇ ಹಿಡಿದೆ, ನನ್ನ ಕಸುಬು ಅದೇ ತಾನೆ. ಟ್ಯಾಂಕ್ ತೆಗೆದೆ. ಮಲ್ಟಿಮೀಟರನ್ನು ಬೀಪ್‌ಗೆ ಹಾಕಿದೆ, ವೈರು ತುಂಡಾಗಿರದಿದ್ದರೆ ಅದು ಬೀಪ್ ಅನ್ನುತ್ತದೆ. ಕೀ ಸ್ವಿಚ್ಚಿನ ಒಂದೊಂದೇ ವೈರಿಗೆ ಈ ತುದಿ ಆ ತುದಿ ಕೊಟ್ಟು, ಮಗನಿಗೆ ಹ್ಯಾಂಡಲ್ ತಿರುಗಿಸಲು ಹೇಳಿದೆ. ನಾಲ್ಕನೆಯ ವೈರು. ಬಲಕ್ಕೆ ಬೀಪ್, ನೆಟ್ಟಗೆ ಬೀಪ್, ಎಡಕ್ಕೆ ಮೌನ. ಮೇಲಿನ ಪ್ಲಾಸ್ಟಿಕ್ ಪೂರ್ತಿ ಚೆನ್ನಾಗಿತ್ತು. ಬ್ಲೇಡಿನಿಂದ ಸೀಳಿದರೆ ಒಳಗೆ ತಾಮ್ರ ಹಸಿರು ಕಿಲುಬು ಹಿಡಿದು ಪುಡಿಯಾಗಿತ್ತು. ಎರಡೇ ಎರಡು ಎಳೆ ಉಳಿದಿದ್ದವು. ಎಡಕ್ಕೆ ತಿರುಗಿದಾಗ ಅವೂ ಬಿಟ್ಟುಕೊಳ್ಳುತ್ತಿದ್ದವು. ನಾಲ್ಕು ಮೆಕ್ಯಾನಿಕ್‌ಗಳು ಕಾರ್ಬೊರೇಟರ್ ಬಿಚ್ಚಿ ತೊಳೆದದ್ದು ಈ ಎರಡು ಎಳೆಗಾಗಿ.

ಒಂದು ಅಡಿ ಹೊಸ ವೈರು ಹಾಕಿದೆ. ಬೆಸುಗೆ ಹಾಕಲಿಲ್ಲ, ಕ್ರಿಂಪ್ ಮಾಡಿದೆ, ಅಂದರೆ ಲೋಹದ ಸಣ್ಣ ಕೊಳವೆಯೊಳಗೆ ಎರಡೂ ತುದಿ ಸೇರಿಸಿ ಇಕ್ಕಳದಲ್ಲಿ ಒತ್ತಿದೆ. ಗಾಡಿಯಲ್ಲಿ ಬೆಸುಗೆ ಹಾಕಿದ ಜಾಗ ಗಟ್ಟಿಯಾಗಿ, ಅದುರಿ ಅದುರಿ ಅದರ ಪಕ್ಕದಲ್ಲೇ ತುಂಡಾಗುತ್ತದೆ. ಮೇಲೆ ಮೋಟರಿಗೆ ಹಾಕುವ ವಾರ್ನಿಶ್ ಸ್ಲೀವ್ ತೊಡಿಸಿ, ಹ್ಯಾಂಡಲ್ ಎಳೆಯದ ಹಾಗೆ ಒಂದು ಸುತ್ತು ಸಡಿಲ ಬಿಟ್ಟೆ. ಬಾರ್ ಲೈಟಿಗೆ ಹುಡುಗ ಎಳೆದ ವೈರನ್ನು ಪೂರ್ತಿ ಕಿತ್ತು ಬಿಸಾಡಿದೆ. ಸೀಟಿನ ಕೆಳಗೆ ಇಲಿ ಕಡಿದ ಮೂರು ಜಾಗ ಸಿಕ್ಕಿತು. ಎಂಜಿನ್ ರೇಸ್ ಮಾಡಿ ಬ್ಯಾಟರಿಯಲ್ಲಿ 14.2 ವೋಲ್ಟ್ ನೋಡಿದೆ, ಅಂದರೆ ಚಾರ್ಜ್ ಸರಿಯಾಗಿ ಆಗುತ್ತಿದೆ. ಆ ದಿನ ಊಟ ರುಚಿಸಿತು.

ಸ್ವಲ್ಪ ದಿನ ಬಿಟ್ಟು ಎನ್‌ಒಸಿ ವಿಷಯಕ್ಕೆ ಫೋನ್ ಮಾಡಿದಾಗ ಹುಡುಗ ಕೇಳಿದ, "ಸಾರ್, ಎಂಥ ಆಗಿತ್ತು ಅದಕ್ಕೆ?" ಹೇಳಿದೆ. "ಎಷ್ಟು ಖರ್ಚಾಯ್ತು?" ಅಂದ. ಆರು ರೂಪಾಯಿ ಅಂದೆ. ಆ ಕಡೆ ಸ್ವಲ್ಪ ಹೊತ್ತು ಸದ್ದೇ ಇರಲಿಲ್ಲ.

ಟ್ಯಾಂಕಿನದು ದೊಡ್ಡ ಕಥೆ. ಹನ್ನೊಂದು ಲೀಟರಿನ ಟ್ಯಾಂಕು. ಒಳಗೆ ಟಾರ್ಚ್ ಬಿಟ್ಟರೆ ಜಂಬಿಟ್ಟಿಗೆ ಕಲ್ಲಿನ ಹಾಗೆ ಕೆಂಪು. ಗಾಡಿಯನ್ನು ಎರಡು ಮಳೆಗಾಲ ಅರ್ಧ ಟ್ಯಾಂಕ್ ಪೆಟ್ರೋಲ್ ಇಟ್ಟು ನಿಲ್ಲಿಸಿದ್ದರಂತೆ. ಈಗಿನ ಪೆಟ್ರೋಲಿನಲ್ಲಿ ನೂರಕ್ಕೆ 20 ಪಾಲು ಎಥನಾಲ್. ಅದಕ್ಕೆ ಗಾಳಿಯ ಪಸೆ ಎಳೆದುಕೊಳ್ಳುವ ಗುಣ. ನೀರು ಜಾಸ್ತಿಯಾದರೆ ಬೇರೆಯಾಗಿ ತಳಕ್ಕೆ ಇಳಿಯುತ್ತದೆ. ಜುಲೈ ತಿಂಗಳಲ್ಲಿ ನಮ್ಮ ಮನೆಯಲ್ಲಿ ಬೀರು ಒಳಗಿನ ಬಟ್ಟೆಗೇ ಬೂಷ್ಟು ಬರುತ್ತದೆ. ಇನ್ನು ಅರ್ಧ ಖಾಲಿ ಟ್ಯಾಂಕಿನ ಗತಿ ಏನು? ಮಳೆಗಾಲದಲ್ಲಿ ಹಳೇ ಗಾಡಿ ನಿಲ್ಲಿಸುವುದಾದರೆ ಟ್ಯಾಂಕ್ ಬಾಯಿಮಟ್ಟ ತುಂಬಿಸಿ, ಪೆಟ್ರೋಲ್ ಕಾಕ್ ಬಂದ್ ಮಾಡಿ, ಕಾರ್ಬೊರೇಟರ್ ಬಟ್ಟಲಿನ ಕೆಳಗಿನ ಸ್ಕ್ರೂ ಸಡಿಲಿಸಿ ಅದರಲ್ಲಿದ್ದದ್ದನ್ನು ಇಳಿಸಿಬಿಡಿ.

ತುಕ್ಕು ತೆಗೆಯಲು ಬೇಕರಿಯವರು ಸಾಮಾನು ತರುವ ಅಂಗಡಿಯಿಂದ 5 ಲೀಟರ್ ವಿನೆಗರ್ ತಂದೆ. ಮೊದಲು ಸೋಪಿನ ನೀರಿನಲ್ಲಿ ನಾಲ್ಕು ಸಲ ತೊಳೆದು, ವಾರ ಪೂರ್ತಿ ಮುಚ್ಚಳ ತೆಗೆದು ಕೊಟ್ಟಿಗೆಯಲ್ಲಿ ಇಟ್ಟೆ. ಆಮೇಲೆ ವಿನೆಗರ್ ಹುಯ್ದು, 50 ಸಣ್ಣ ನಟ್ಟು ಹಾಕಿ, ಬಾಯಿ ಮುಚ್ಚಿ, ಟ್ಯಾಂಕನ್ನು ಅಪ್ಪಿಕೊಂಡು ಅಲ್ಲಾಡಿಸಿದೆ. ಎರಡು ದಿನ, ಆರಾರು ಗಂಟೆಗೊಮ್ಮೆ ಮಗ್ಗುಲು ಬದಲಿಸಿ ಮಲಗಿಸಿದೆ. ಅಮ್ಮ ಬಂದು ನೋಡಿ, "ಹಿತ್ತಾಳೆ ಚೆಂಬಿಗಾದ್ರೆ ನಾನು ವಾಟೆಹುಳಿ ಹಾಕಿ ಹತ್ತು ನಿಮಿಷಕ್ಕೆ ಮುಗಿಸ್ತೇನೆ" ಅಂದರು. ಕೆಲಸ ಅದೇ. ಹುಳಿ ಹುಳಿಯೇ.

ಮೂರನೇ ದಿನ ಸುರಿದರೆ ಕೆಸರಿನ ಬಣ್ಣದ ನೀರು ಬಂತು, ನಟ್ಟುಗಳು ಬಂದವು. ಎಣಿಸಿದೆ. 49. ಮತ್ತೆ ಎಣಿಸಿದೆ. 49. ಹಳೇ ಸ್ಪೀಕರಿನ ಆಯಸ್ಕಾಂತ ಕಡ್ಡಿಗೆ ಕಟ್ಟಿ ಒಳಗೆ ಬಿಟ್ಟೆ. ಟ್ಯಾಂಕೂ ಕಬ್ಬಿಣದ್ದೇ ಅನ್ನುವುದು ಆಗ ನೆನಪಾಯಿತು, ಯಾಕೆಂದರೆ ಆಯಸ್ಕಾಂತ ಒಳಗಿನ ಗೋಡೆಗೆ ಕಚ್ಚಿಕೊಂಡು ಕಡ್ಡಿ ಮಾತ್ರ ಈಚೆ ಬಂತು. ಈಗ ಒಳಗೆ ಎರಡು ವಸ್ತು. ಸಂಜೆವರೆಗೆ ಟ್ಯಾಂಕ್ ತಲೆಕೆಳಗು ಮಾಡಿ ಕುಲುಕಿದ್ದೇ ಕುಲುಕಿದ್ದು. ಕೊನೆಗೆ ಆಯಸ್ಕಾಂತ ಬಿತ್ತು, ಅದರ ಬೆನ್ನಿಗೆ ಐವತ್ತನೇ ನಟ್ಟು ಅಂಟಿಕೊಂಡೇ ಬಂತು.

ಅಡಿಗೆ ಸೋಡಾ ನೀರಿನಲ್ಲಿ ತೊಳೆದು ಹುಳಿ ಕೊಂದೆ. ತೊಳೆದ ಮೇಲೆ ಕೂಡಲೇ ಒಣಗಿಸಬೇಕು, ಇಲ್ಲದಿದ್ದರೆ ಅರ್ಧ ಗಂಟೆಯಲ್ಲಿ ಹೊಸ ತುಕ್ಕು. ನನ್ನ ಅಂಗಡಿಯಲ್ಲಿ ವಾರ್ನಿಶ್ ಹಾಕಿದ ಕಾಯಿಲ್ ಒಣಗಿಸಲು ಒಂದು ತಗಡಿನ ಪೆಟ್ಟಿಗೆ ಇದೆ, ಒಳಗೆ 200 ವ್ಯಾಟಿನ ಎರಡು ಬಲ್ಬು. ಅದರಲ್ಲಿ ಮೂರು ಗಂಟೆ ಇಟ್ಟೆ. ನೋಡಿ ಮತ್ತೆ, ಪೆಟ್ರೋಲ್ ವಾಸನೆ ಪೂರ್ತಿ ಹೋಗುವ ತನಕ ಟ್ಯಾಂಕನ್ನು ಬಲ್ಬಿನ ಹತ್ತಿರ, ಒಲೆಯ ಹತ್ತಿರ ತರಬೇಡಿ. ಒಣಗಿದ ಮೇಲೆ ಒಳಗೆಲ್ಲ ಆಯಿಲ್ ಸವರುವ ಹಾಗೆ ತಿರುಗಿಸಿದೆ. ಈಗ ಒಳಗೆ ನೋಡಿದರೆ ಬೂದಿ ಬಣ್ಣದ ಬರಿ ಕಬ್ಬಿಣ.

ಫೋರ್ಕ್, ಕೋನ್‌ಸೆಟ್, ಹಿಂದಿನ ಚಕ್ರ ಹಿಡಿಯುವ ಸ್ವಿಂಗ್‌ಆರ್ಮ್ ಇವೆಲ್ಲ ನನ್ನ ಕೈಯಲ್ಲಿ ಆಗುವುದಲ್ಲ. ಶಿವಮೊಗ್ಗದ ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸ್‌ನಲ್ಲಿ ಒಬ್ಬರು ಭಾಯ್ ಇದ್ದಾರೆ. ಅವರ ಹತ್ತಿರ ಒಯ್ದೆ. ಗಾಡಿ ಇಳಿಸುವ ಮುಂಚೆಯೇ ನಕ್ಕರು. "ಅಣ್ಣ, ಇದು ಕುದುರೆ ಅಲ್ಲ. ಹೇಸರಗತ್ತೆ. ಓಡು ಅಂದ್ರೆ ಓಡಲ್ಲ, ಹೊರು ಅಂದ್ರೆ ಹೊರುತ್ತೆ." ಈ ಗಾಡಿಯ ಬಗ್ಗೆ ಇದಕ್ಕಿಂತ ಸರಿಯಾದ ವಿಮರ್ಶೆ ನಾನು ಬರೆಯಲಾರೆ.

ಫೋರ್ಕ್ ಬಿಚ್ಚಿದಾಗ ಬಂದ ಆಯಿಲ್ ಕಾಫಿ ಚರಟದ ಹಾಗಿತ್ತು. ಪೈಪಿನ ಮೇಲ್ಭಾಗದಲ್ಲಿ ತುಕ್ಕಿನ ಚುಕ್ಕೆ ಇದ್ದವು, ಆದರೆ ಸೀಲ್ ಓಡಾಡುವ ಜಾಗ ನುಣ್ಣಗಿತ್ತು. ಅಲ್ಲಿ ಚುಕ್ಕೆ ಇದ್ದರೆ ಎಷ್ಟು ಸೀಲ್ ಹಾಕಿದರೂ ತಿಂಗಳಲ್ಲಿ ಸೋರುತ್ತದೆ. ಉಗುರು ಆಡಿಸಿ ನೋಡಿದರೆ ಗೊತ್ತಾಗುತ್ತದೆ.

ಈ ಗಾಡಿಗೆ ಪಾರ್ಟ್ಸ್ ಸಿಗುವುದಿಲ್ಲ ಅಂತ ಎಲ್ಲರೂ ಹೆದರಿಸುತ್ತಾರೆ. ಅರ್ಧ ನಿಜ. ನನ್ನ ಕಸುಬಿನ ಗುಟ್ಟು ಒಂದು ಹೇಳುತ್ತೇನೆ. ಬೇರಿಂಗಿಗೆ ಕಂಪನಿ ಬೇಕಿಲ್ಲ, ನಂಬರ್ ಬೇಕು. ಉದಾಹರಣೆಗೆ 6203 ಅಂದರೆ ಒಳಗೆ 17 ಮಿಲಿಮೀಟರ್, ಹೊರಗೆ 40, ದಪ್ಪ 12. ಅದು ಬೈಕಿನ ಚಕ್ರದಲ್ಲಿ ಕೂತರೂ ಅಷ್ಟೇ, ನೀರೆತ್ತುವ ಮೋಟರಿನಲ್ಲಿ ಕೂತರೂ ಅಷ್ಟೇ. ಹಳೇ ಬೇರಿಂಗ್ ಒರೆಸಿ ನಂಬರ್ ಓದಿ, ನಾನು ಯಾವಾಗಲೂ ತರುವ ಅಂಗಡಿಯಲ್ಲೇ ತಂದೆ. ಎರಡೂ ಕಡೆ ರಬ್ಬರ್ ಮುಚ್ಚಿರುವ 2ಆರ್‌ಎಸ್ ಕೇಳಿ ತಗೊಳ್ಳಿ, ನಮ್ಮ ಕೆಸರಿಗೆ ಅದೇ ಬೇಕು. ಆಯಿಲ್ ಸೀಲಿನ ಮೇಲೂ ಹೀಗೇ ಮೂರು ಅಳತೆ ಬರೆದಿರುತ್ತದೆ. ಮುಂದಿನ ಟೈರ್ 90/90-19, ಬುಲೆಟ್ ಕ್ಲಾಸಿಕ್ 350ಗೂ ಇದೇ ಅಳತೆ ಬರುತ್ತಿತ್ತು. ಹಾಗಾಗಿ ಸಣ್ಣ ಊರಿನಲ್ಲೂ ಸಿಗುತ್ತದೆ. ಹಿಂದಿನದು 110/90-17. ಎರಡಕ್ಕೂ ಗಟ್ಟಿ ಗುಬಟಿನ ಟೈರ್ ಹಾಕಿಸಿದೆ, ಪೂರ್ತಿ ಕೆಸರಿನದ್ದಲ್ಲ. ಪೂರ್ತಿ ಕೆಸರಿನ ಟೈರ್ ಹಾಕಿದರೆ ಟಾರಿನ ಮೇಲೆ ಮಳೆಯಲ್ಲಿ ಬ್ರೇಕ್ ಹಿಡಿದಾಗ ಜೀವ ಬಾಯಿಗೆ ಬರುತ್ತದೆ.

ನಿಜವಾಗಿ ಸಿಗದೇ ಇರುವುದು ಪ್ಲಾಸ್ಟಿಕ್. ಎಡಗಡೆಯ ಪ್ಯಾನಲ್ ಆನ್‌ಲೈನ್‌ನಲ್ಲಿ ಕಂಡಿತು, ಆರ್ಡರ್ ಮಾಡಿದೆ. ಪೆಟ್ಟಿಗೆ ಬಿಚ್ಚಿದರೆ ಯಾವುದೋ ಸ್ಕೂಟರಿನ ಮುಖ. ವಾಪಸ್ ಕಳಿಸಿ ದುಡ್ಡು ಬರಲು ಮೂರು ವಾರ. ಕೊನೆಗೆ ಒಡೆದ ಹಳೇ ಪ್ಯಾನಲನ್ನೇ ಬೆಸುಗೆ ಕಡ್ಡಿಯಲ್ಲಿ ಕರಗಿಸಿ, ಒಳಗಿನಿಂದ ಸ್ಟೀಲ್ ಜಾಲರಿ ಕೂರಿಸಿ ಹೊಲಿದೆ. ಹತ್ತಿರ ಬಂದು ನೋಡಿದರೆ ಹೊಲಿಗೆ ಕಾಣುತ್ತದೆ. ಹತ್ತಿರ ಬಂದು ನೋಡುವವರು ನನ್ನ ಮಗ ಮಾತ್ರ. ತಗೊಳ್ಳುವಾಗ ಪ್ಲಾಸ್ಟಿಕ್ ಪೂರ್ತಿ ಇರುವ ಗಾಡಿ ಸಿಕ್ಕಿದರೆ ನಾಲ್ಕೈದು ಸಾವಿರ ಜಾಸ್ತಿ ಕೊಟ್ಟರೂ ನಷ್ಟ ಇಲ್ಲ.

ಲೆಕ್ಕ ಹೇಳಿಬಿಡುತ್ತೇನೆ. ಗಾಡಿ 41,000. ಎರಡು ಟೈರ್ 5,600. ಕೋನ್‌ಸೆಟ್, ಬೇರಿಂಗ್, ಸೀಲ್ ಎಲ್ಲಾ ಸೇರಿ 3,900. ಚೈನ್ ಸ್ಪ್ರಾಕೆಟ್ 2,100. ಬ್ಯಾಟರಿ 1,350. ಪೈಪು, ಕಾರ್ಬೊರೇಟರ್ ಕಿಟ್ 900. ಕಡ್ಡಿ ಬಿಗಿಸಿ ಚಕ್ರ ನೆಟ್ಟಗೆ ಮಾಡಿಸಿದ್ದು 700, ಸೀಟ್ ಕವರ್ 650. ಭಾಯ್ ಮಜೂರಿ 4,500. ಇನ್ಶೂರೆನ್ಸ್ ಮತ್ತು ಕಾಗದಕ್ಕೆ 3,000. ಎಂಜಿನ್ ಒಳಗೆ ಹೋದದ್ದು ಕ್ಲಚ್ ಪ್ಲೇಟಿನ 1,450 ಮಾತ್ರ. ಒಟ್ಟು 65,150. ನನ್ನ ಕೂಲಿ ಹಾಕಿಲ್ಲ. ಹಾಕಿದರೆ ಹೆಂಡತಿ ನಗುತ್ತಾಳೆ.

ಇನ್ನು ಓಡಿಸುವುದು. ಟಾರು ರಸ್ತೆಯಲ್ಲಿ ಇದು ಸಾಧಾರಣ ಗಾಡಿ. ಎಪ್ಪತ್ತರಲ್ಲಿ ಆರಾಮ, ಎಂಬತ್ತರ ಮೇಲೆ ಕೈ ಜುಂ ಅನ್ನುತ್ತದೆ. ಬೇರೆ ನೂರೈವತ್ತು ಸಿಸಿ ಗಾಡಿಯ ಹುಡುಗರು ಪಕ್ಕದಲ್ಲೇ ಹಾದು ಹೋಗುತ್ತಾರೆ, ಹೋಗಲಿ. ಗುಡ್ಡೇಕೇರಿ ಕಡೆಯಿಂದ ಕುಂದಾದ್ರಿ ಬೆಟ್ಟಕ್ಕೆ ಇಬ್ಬರು ಹತ್ತಿದೆವು. ಕೊನೆಯ ಏರಿನಲ್ಲಿ ಫಸ್ಟ್ ಗೇರ್ ಬೇಕೇ ಬೇಕು. ಆಗುಂಬೆ ಘಾಟಿಯ 14 ತಿರುವು ಇಳಿಯುವಾಗ ಮಾತ್ರ ಈ ಗಾಡಿ ಏನು ಅಂತ ಗೊತ್ತಾಯಿತು. ಅಗಲ ಹ್ಯಾಂಡಲ್, ಹಗುರ ಮೈ, ಸುಮ್ನೆ ನೋಡಿದ ಕಡೆ ತಿರುಗುತ್ತದೆ.

ಆದರೆ ನಾನು ಇದನ್ನು ತಂದದ್ದು ಕುಂದಾದ್ರಿಗಲ್ಲ, ಮಣ್ಣು ರಸ್ತೆಗೆ. ಜೂನ್ ಕೊನೆಯಲ್ಲಿ ಒಂದು ದಿನ ಸುರಿಯುವ ಮಳೆಯಲ್ಲಿ ಫೋನ್ ಬಂತು. ಒಂದು ಎಚ್‌ಪಿ ಮೋಟರ್ ಹೊಳೆ ಪಕ್ಕದ ಶೆಡ್ಡಿನಲ್ಲಿ ಮುಳುಗಿದೆ. ಮೂರು ಕಿಲೋಮೀಟರ್ ದಾರಿ, ಮಧ್ಯೆ ನೀರು ಕೊರೆದ ಎರಡು ಉದ್ದನೆ ಚರಂಡಿ. ಮೊದಲಿನ ಗಾಡಿಯಲ್ಲಾದರೆ ಅರ್ಧ ದಾರಿ ತಳ್ಳುತ್ತಿದ್ದೆ. ಇದರಲ್ಲಿ ಸೆಕೆಂಡ್ ಗೇರ್ ಹಾಕಿ, ಫುಟ್‌ರೆಸ್ಟ್ ಮೇಲೆ ಎದ್ದು ನಿಂತು, ಗಾಡಿ ಅದರಷ್ಟಕ್ಕೆ ಅಲ್ಲಾಡಲು ಬಿಟ್ಟೆ. ಮುಂದಿನ ಚಕ್ರ ಕಲ್ಲಿನ ಮೇಲೆ ಹತ್ತಿ ಇಳಿಯಿತು. ಕಲ್ಲು ಕಣ್ಣಿಗೆ ಕಂಡಿತು, ಕೈಗೆ ಗೊತ್ತಾಗಲಿಲ್ಲ. ವಾಪಸ್ ಬರುವಾಗ ಹಿಂದಿನ ಕ್ಯಾರಿಯರ್‌ನಲ್ಲಿ ಗೋಣಿಯಲ್ಲಿ ಸುತ್ತಿದ ಮೋಟರ್ ಕಟ್ಟಿದ್ದೆ. ಆ ಭಾರಕ್ಕೂ ಶಾಕ್ ತಳ ಹೊಡೆಯಲಿಲ್ಲ. ಮನೆಗೆ ಬಂದು ಸಾಕ್ಸ್ ಬಿಚ್ಚಿದರೆ ಎರಡು ಉಂಬಳ, ರಕ್ತ ಹೀರುವ ಜಿಗಣೆ. ಅದಕ್ಕೆ ಯಾವ ಗಾಡಿಯೂ ಪರಿಹಾರ ಅಲ್ಲ.

ಲೀಟರಿಗೆ 42ರಿಂದ 45 ಕೊಡುತ್ತಿದೆ. ಹೆಡ್‌ಲೈಟ್ ಮಂಜಿನಲ್ಲಿ ಸಾಲದು, ಬಲ್ಬ್ ಬದಲಿಸಿ ನೋಡಬೇಕು. 2027ಕ್ಕೆ ಹದಿನೈದು ವರ್ಷ ತುಂಬುತ್ತದೆ, ಆಗ ಆರ್‌ಟಿಒದಲ್ಲಿ ಗಾಡಿ ತೋರಿಸಿ ರಿನ್ಯೂ ಮಾಡಿಸಬೇಕು. ಅದಕ್ಕೆ ಮುಂಚೆ ಕೊರೆದ ಸೈಲೆನ್ಸರ್ ಬದಲಿಸಲೇಬೇಕು. ಗುಜರಿಯಲ್ಲಿ ಹೇಳಿಟ್ಟಿದ್ದೇನೆ.

ದಿನಾ ಪೇಟೆಯಲ್ಲಿ ಓಡಾಡುವವರಿಗೆ, ಸ್ಪ್ಯಾನರ್ ಹಿಡಿಯಲು ಬೇಜಾರು ಇರುವವರಿಗೆ ಇದು ಬೇಡ. ಅವರು ಹೊಸದನ್ನೇ ತಗೊಳ್ಳಲಿ. ಮನೆಗೆ ಮಣ್ಣಿನ ದಾರಿ ಇದ್ದು, ಹತ್ತಿರದಲ್ಲಿ ಭಾಯ್ ತರಹದ ಒಬ್ಬರಿದ್ದು, ಕೈಯಲ್ಲಿ ಅರವತ್ತು ಎಪ್ಪತ್ತು ಸಾವಿರ ಇದ್ದರೆ ಧೈರ್ಯವಾಗಿ ಹುಡುಕಿ. ನಾನು ಐದಕ್ಕೆ ನಾಲ್ಕು ಕೊಡುತ್ತೇನೆ. ಒಂದು ಕಳೆದದ್ದು ಸೀಟಿನ ಎತ್ತರಕ್ಕೆ, ಅದೂ ಮನೆಯವಳ ಲೆಕ್ಕದಲ್ಲಿ.

ಮೊನ್ನೆ ಅವಳೇ ಅಂಗಳದ ಮೂಲೆಯಲ್ಲಿ ಒಂದು ಜಂಬಿಟ್ಟಿಗೆ ಕಲ್ಲು ತಂದು ಇಟ್ಟಿದ್ದಾಳೆ, ಹತ್ತೋಕೆ. ಈಗ ಗಾಡಿಯನ್ನು ಅದರ ಪಕ್ಕಕ್ಕೇ ನಿಲ್ಲಿಸಬೇಕು. ಅದಕ್ಕೆ ಹ್ಯಾಂಡಲ್ ಪೂರ್ತಿ ಎಡಕ್ಕೆ ತಿರುಗಿಸಬೇಕಾಗುತ್ತದೆ.